ಜಪಾನಿನ ಜನಾಭಿಪ್ರಾಯ ಮತ್ತು ದೇಶದ ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನ್ ರಕ್ಷಣಾ ಖರ್ಚು ಏರಿಸಿತು, ದೂರ ಹಾರುವ ಕ್ಷಿಪಣಿ ಕೊಳ್ಳುತ್ತಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಯುದ್ಧವೇ ಬೇಡ ಅಂತ ಕೂತಿದ್ದ ಜನ ಇದಕ್ಕೆ ಹೇಗೆ ಒಪ್ಪಿದರು? ಈ ವಿಷಯವನ್ನು ಬಹಳ ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಜಪಾನ್‌ಗೆ ಸೈನ್ಯವೇ ಇಲ್ಲ ಅಂತಾರಲ್ಲ, ನಿಜಾನಾ?

ಹೆಸರಿಗೆ ಇಲ್ಲ. 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದ 9ನೇ ವಿಧಿ ಯುದ್ಧದ ಹಕ್ಕನ್ನೇ ಬಿಟ್ಟುಕೊಟ್ಟಿದೆ. ಭೂಸೇನೆ, ನೌಕಾಸೇನೆ, ವಾಯುಸೇನೆ ಇಟ್ಟುಕೊಳ್ಳುವುದಿಲ್ಲ ಅಂತಲೂ ಹೇಳುತ್ತದೆ. ಆದರೆ 1954ರಲ್ಲಿ 'ಜಿಯೇತಾಯ್' ಹುಟ್ಟಿತು, ಅಂದರೆ ಆತ್ಮರಕ್ಷಣಾ ಪಡೆ. ಇವತ್ತು ಅದರಲ್ಲಿ ಸುಮಾರು 2.2 ಲಕ್ಷ ಜನ ಇದ್ದಾರೆ. ಸಬ್‌ಮರೀನ್, ಯುದ್ಧನೌಕೆ, ಎಫ್-35 ವಿಮಾನ ಎಲ್ಲ ಇವೆ. ಇದರ ಜೊತೆಗೆ ಅಮೆರಿಕದ ಸೈನ್ಯವೂ ಒಪ್ಪಂದದ ಪ್ರಕಾರ ಅಲ್ಲೇ ನೆಲೆ ನಿಂತಿದೆ.

ಹಾಗಾದರೆ ಜನ ಏನಂದುಕೊಳ್ಳುತ್ತಾರೆ ಅನ್ನೋದು ಯಾಕೆ ಅಷ್ಟು ಮುಖ್ಯ?

ಸಂವಿಧಾನದ ಮಾತು ಒಂದು, ನೆಲದ ಮೇಲಿರುವ ಪಡೆ ಇನ್ನೊಂದು. ಎರಡನ್ನೂ ಹೊಂದಿಸಲು ಸರ್ಕಾರಗಳು 9ನೇ ವಿಧಿಯ ಅರ್ಥವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಬಂದಿವೆ. ಎಷ್ಟು ಎಳೆಯಬಹುದು? ಸುಪ್ರೀಂ ಕೋರ್ಟ್ 1959ರಲ್ಲೇ ಒಂದು ಪ್ರಕರಣದಲ್ಲಿ, ಭದ್ರತಾ ಒಪ್ಪಂದದಂಥ ವಿಷಯ ತುಂಬಾ ರಾಜಕೀಯದ್ದು ಅಂತ ಹಿಂದೆ ಸರಿಯಿತು. ಹೀಗಾಗಿ ಗೆರೆ ಎಳೆಯುವ ಕೆಲಸ ಸಂಸತ್ತಿಗೆ ಮತ್ತು ಜನರ ಮನಸ್ಸಿಗೆ ಉಳಿಯಿತು.

ಜಪಾನಿನಲ್ಲಿ ಈ ಚರ್ಚೆ ಬಂದಾಗಲೆಲ್ಲ ಕೇಳುವ ಒಂದು ಪದ ಇದೆ: 'ಹದೊಮೆ'. ಇಳಿಜಾರಿನಲ್ಲಿ ಲಾರಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಅದೇ. ಆ ಕಲ್ಲು ದಾರಿ ತೋರಿಸುವುದಿಲ್ಲ. ಗಾಡಿ ತಾನಾಗಿ ಉರುಳದಂತೆ ನೋಡಿಕೊಳ್ಳುತ್ತದೆ. ನನ್ನ ಪ್ರಕಾರ ಜಪಾನಿನ ಜನಾಭಿಪ್ರಾಯ ಮಾಡಿದ ಕೆಲಸ ಇದೇ. ಸರ್ಕಾರ ಹೊರಟ ದಿಕ್ಕನ್ನು ಅದು ಬದಲಿಸಿದ್ದು ಅಪರೂಪ. ಎಷ್ಟು ಬೇಗ, ಯಾವ ಷರತ್ತಿನ ಮೇಲೆ, ಎಷ್ಟು ಬೆಲೆ ತೆತ್ತು ಹೋಗಬೇಕು ಅನ್ನುವುದನ್ನು ಮಾತ್ರ ಎಪ್ಪತ್ತು ವರ್ಷದಿಂದ ಅದೇ ತೀರ್ಮಾನಿಸುತ್ತಾ ಬಂದಿದೆ.

ಹಿರೋಶಿಮಾ ಬಾಂಬ್ ಬಿದ್ದ ಕೂಡಲೇ ಜನ ಶಾಂತಿಯ ಕಡೆ ತಿರುಗಿದರು, ಅಲ್ವಾ?

ಅಷ್ಟು ನೇರವಾಗಿ ಆಗಲಿಲ್ಲ. ಅಮೆರಿಕದ ಆಡಳಿತ ಇದ್ದಷ್ಟು ದಿನ, ಅಂದರೆ 1952ರ ಏಪ್ರಿಲ್‌ವರೆಗೆ, ಬಾಂಬಿನ ಬಗ್ಗೆ ಬರೆಯುವುದಕ್ಕೇ ಕಡಿವಾಣ ಇತ್ತು. ಅಣ್ವಸ್ತ್ರದ ವಿರುದ್ಧ ಇಡೀ ದೇಶ ಎದ್ದು ನಿಂತದ್ದು 1954ರಲ್ಲಿ. ಅದಕ್ಕೆ ಕಾರಣ ಒಂದು ಮೀನುಗಾರಿಕೆ ದೋಣಿ.

ದೋಣಿಯ ಹೆಸರು 'ದಾಯ್‌ಗೊ ಫುಕುರ್ಯು ಮಾರು'. ಟ್ಯೂನಾ ಹಿಡಿಯಲು ಹೋಗಿತ್ತು. ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಸ್ವಲ್ಪ ಹೊತ್ತಿಗೆ ದೋಣಿಯ ಮೇಲೆ ಬಿಳಿ ಬೂದಿ ಸುರಿಯತೊಡಗಿತು. ಅದು ಏನು ಅಂತ 23 ಮಂದಿಗೂ ಗೊತ್ತಿರಲಿಲ್ಲ. ಎರಡು ವಾರದ ನಂತರ ಯಾಯ್‌ಜು ಬಂದರಿಗೆ ಬಂದಾಗ ಮೈ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ಅಷ್ಟರಲ್ಲಿ ಮೀನು ಮಾರುಕಟ್ಟೆಗೆ ಹೋಗಿಯಾಗಿತ್ತು! ಟೋಕಿಯೋದ ತ್ಸುಕಿಜಿ ಮಾರುಕಟ್ಟೆಯಲ್ಲಿ ವಿಕಿರಣ ಅಳೆಯುವ ಯಂತ್ರ ಹಿಡಿದು ಮೀನು ಪರೀಕ್ಷೆ ಮಾಡಿದರು. ಕೆಟ್ಟದ್ದನ್ನು ಅಲ್ಲೇ ಹೂತರು. ಜನ ಮೀನು ಕೊಳ್ಳುವುದನ್ನೇ ನಿಲ್ಲಿಸಿದರು. ದೋಣಿಯ ರೇಡಿಯೋ ಆಪರೇಟರ್ ಕುಬೋಯಾಮಾ ಐಕಿಚಿ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಟೋಕಿಯೋದ ಸುಗಿನಾಮಿ ಬಡಾವಣೆಯಲ್ಲಿ ಹೆಂಗಸರ ಸಭೆಯೊಂದು ನಡೆಯುತ್ತಿತ್ತು. ಅಲ್ಲಿ ಮೀನಂಗಡಿಯ ಯಜಮಾನನ ಹೆಂಡತಿ ಎದ್ದು ನಿಂತು, ನಮ್ಮ ವ್ಯಾಪಾರವೇ ನಿಂತುಹೋಗಿದೆ, ಈ ಬಾಂಬ್ ಪರೀಕ್ಷೆಯ ಬಗ್ಗೆ ಏನಾದರೂ ಮಾಡಿ ಅಂತ ಕೇಳಿಕೊಂಡರು. ಅಲ್ಲಿಂದ ಸಹಿ ಸಂಗ್ರಹ ಶುರುವಾಯಿತು. ಮನೆ ಮನೆ ಬಾಗಿಲು ತಟ್ಟಿ ಸಹಿ ಹಾಕಿಸಿದರು. 1955ರ ಆಗಸ್ಟ್ ಹೊತ್ತಿಗೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಸಹಿ ಬಿದ್ದವು. ಅದೇ ತಿಂಗಳು ಹಿರೋಶಿಮಾದಲ್ಲಿ ಅಣುಬಾಂಬ್ ವಿರೋಧಿ ವಿಶ್ವ ಸಮ್ಮೇಳನ ನಡೆಯಿತು. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ನೋವು ಇಡೀ ದೇಶದ ಕಿವಿಗೆ ಬಿದ್ದದ್ದು ಹೆಚ್ಚಾಗಿ ಆಮೇಲೆ. ಅಡುಗೆಮನೆಗೆ ತರುವ ಮೀನಿನಿಂದ ಹುಟ್ಟಿದ ಭಯ ಅದು. ಅದಕ್ಕೇ ಅಷ್ಟು ಆಳಕ್ಕೆ ಇಳಿಯಿತು ಅಂತ ನನಗನ್ನಿಸುತ್ತದೆ. ಆ ದೋಣಿ ಈಗಲೂ ಟೋಕಿಯೋದ ಯುಮೆನೊಶಿಮಾದಲ್ಲಿ ಇದೆ.

1960ರಲ್ಲಿ ಜನರೇ ಪ್ರಧಾನಿಯನ್ನು ಇಳಿಸಿದರಂತೆ?

ಇಳಿಸಿದರು. ಆದರೆ ಒಪ್ಪಂದವನ್ನು ತಡೆಯಲು ಆಗಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಪ್ರಧಾನಿ ಕಿಶಿ ನೊಬುಸುಕೆ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದವನ್ನು ಹೊಸದಾಗಿ ಬರೆಸಿದ್ದರು. ಜಪಾನಿನಲ್ಲಿ ಅದನ್ನು 'ಅಂಪೊ' ಅನ್ನುತ್ತಾರೆ. ನಿಜ ಹೇಳಬೇಕೆಂದರೆ 1951ರ ಹಳೆಯ ಒಪ್ಪಂದಕ್ಕಿಂತ ಅದು ಜಪಾನ್‌ಗೆ ಎಷ್ಟೋ ಒಳ್ಳೆಯದು. ಹಳೆಯದರಲ್ಲಿ ದೇಶದೊಳಗಿನ ಗಲಭೆ ಅಡಗಿಸಲು ಕೂಡ ಅಮೆರಿಕದ ಸೈನ್ಯ ಬಳಸಬಹುದಿತ್ತು. ಹಾಗಿದ್ದೂ ಜನ ಕೆರಳಿದ್ದು ಯಾಕೆ? ಕಿಶಿ ಯುದ್ಧಕಾಲದ ತೋಜೊ ಸಂಪುಟದಲ್ಲಿ ಮಂತ್ರಿಯಾಗಿದ್ದವರು. ಯುದ್ಧಾಪರಾಧದ ಶಂಕೆಯಲ್ಲಿ ಜೈಲಿನಲ್ಲೂ ಇದ್ದರು. ಅಂಥವರು ಮೇ 19ರ ರಾತ್ರಿ ಸಂಸತ್ತಿಗೆ ಪೊಲೀಸರನ್ನು ಕರೆಸಿ, ವಿರೋಧ ಪಕ್ಷದವರನ್ನು ಎತ್ತಿ ಹೊರಹಾಕಿಸಿ, ಮತ ಹಾಕಿಸಿಕೊಂಡರು. ಒಪ್ಪಂದದ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳದವರೂ ಅವತ್ತು ಬೀದಿಗೆ ಬಂದರು. ಪ್ರಜಾಪ್ರಭುತ್ವವೇ ಕೈ ಜಾರುತ್ತಿದೆ ಅನ್ನುವ ಭಯ ಅದು.

ಕಿಶಿ, ತಾನು "ದನಿಯಿಲ್ಲದವರ ದನಿ" ಕೇಳುತ್ತೇನೆ ಅಂದರು. ಬೇಸ್‌ಬಾಲ್ ಸ್ಟೇಡಿಯಂ ತುಂಬಿದೆ, ಸುಮ್ಮನಿರುವ ಜನ ತನ್ನ ಕಡೆ ಇದ್ದಾರೆ ಅನ್ನುವುದು ಅವರ ವಾದ. ಜೂನ್ 4ರಂದು ಚಿತ್ರಕಲೆ ಟೀಚರ್ ಒಬ್ಬರು ಮತ್ತೊಬ್ಬರ ಜೊತೆ ಒಂದು ಬ್ಯಾನರ್ ಹಿಡಿದು ರಸ್ತೆಗಿಳಿದರು. 'ದನಿಯಿಲ್ಲದವರ ದನಿಯ ಕೂಟ, ಯಾರು ಬೇಕಾದರೂ ಸೇರಬಹುದು, ಬನ್ನಿ' ಅಂತ ಅದರ ಮೇಲೆ ಬರೆದಿತ್ತು. ಫುಟ್‌ಪಾತಿನಲ್ಲಿ ನಿಂತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಬಂದು, ನೂರಾರು ಜನರ ಸಾಲಾಯಿತು. ಸಂಘ, ಯೂನಿಯನ್, ಪಕ್ಷ ಯಾವುದರಲ್ಲೂ ಇಲ್ಲದವರು ಅವರು.

ಜೂನ್ 15ರಂದು ಸಂಸತ್ತಿನ ಆವರಣದ ಘರ್ಷಣೆಯಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕಂಬಾ ಮಿಚಿಕೊ ಸತ್ತರು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಭೇಟಿ ರದ್ದಾಯಿತು. ಒಪ್ಪಂದ ಮಾತ್ರ ಜೂನ್ 19ರ ನಡುರಾತ್ರಿ ಕಾನೂನಿನಂತೆ ತಾನಾಗಿಯೇ ಪಾಸಾಯಿತು. ಜುಲೈನಲ್ಲಿ ಕಿಶಿ ಹೋದರು. ಅವರ ನಂತರ ಬಂದ ಇಕೆದಾ ಹಯಾತೊ ಸಂವಿಧಾನದ ಮಾತೇ ಎತ್ತಲಿಲ್ಲ. ಹತ್ತು ವರ್ಷದಲ್ಲಿ ಆದಾಯ ದುಪ್ಪಟ್ಟು ಮಾಡುತ್ತೇವೆ ಅಂದರು. ಅದೇ ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷವೇ ದೊಡ್ಡ ಬಹುಮತದಿಂದ ಗೆದ್ದಿತು.

ಮತ್ತೆ ಜನ ಗೆದ್ದಿದ್ದಾದರೂ ಏನು?

ಆ ಬೇಸಿಗೆಯ ಭಯ ಆಳುವ ಪಕ್ಷದ ಎದೆಯಲ್ಲಿ ಉಳಿದುಬಿಟ್ಟಿತು. ಪ್ರಧಾನಿ ಸಾತೊ ಐಸಾಕು 1967ರಲ್ಲಿ ಮೂರು ಮಾತು ಕೊಟ್ಟರು: ಅಣ್ವಸ್ತ್ರ ಇಟ್ಟುಕೊಳ್ಳುವುದಿಲ್ಲ, ತಯಾರಿಸುವುದಿಲ್ಲ, ದೇಶದೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದೇ ವರ್ಷ ಶಸ್ತ್ರಾಸ್ತ್ರ ರಫ್ತಿಗೆ ನಿರ್ಬಂಧ ಬಂತು. 1976ರಲ್ಲಿ ಮಿಕಿ ತಾಕೆಯೊ ಅದನ್ನು ಬಿಗಿ ಮಾಡಿದರು, ರಕ್ಷಣಾ ಖರ್ಚು ರಾಷ್ಟ್ರೀಯ ಉತ್ಪನ್ನದ ಶೇ. 1 ದಾಟಬಾರದು ಅಂತ ಗೆರೆಯನ್ನೂ ಎಳೆದರು. ಇವು ಯಾವುವೂ ಸಂವಿಧಾನದಲ್ಲಿ ಇರಲಿಲ್ಲ. ಜನ ಒಪ್ಪಲಿ ಅಂತ ಸರ್ಕಾರ ತಾನೇ ಚಕ್ರಕ್ಕೆ ಕೊಟ್ಟುಕೊಂಡ ಕಲ್ಲುಗಳು.

ಎಲ್ಲವೂ ಪ್ರಾಮಾಣಿಕವಾಗಿತ್ತು ಅಂತ ಹೇಳಲಾರೆ. ತುರ್ತು ಬಿದ್ದರೆ ದಕ್ಷಿಣದ ಓಕಿನಾವಾ ದ್ವೀಪಕ್ಕೆ ಅಣ್ವಸ್ತ್ರ ತರಬಹುದು ಅಂತ 1969ರಲ್ಲಿ ಅದೇ ಸಾತೊ ಅಮೆರಿಕಕ್ಕೆ ಗುಟ್ಟಾಗಿ ಬರೆದುಕೊಟ್ಟಿದ್ದರು. 1974ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜನರ ಬೆನ್ನ ಹಿಂದೆ ನಡೆದ ಇಂಥ ವ್ಯವಹಾರ ಹೊರಬಿದ್ದಾಗಲೆಲ್ಲ ಸರ್ಕಾರದ ಮೇಲಿನ ಅಪನಂಬಿಕೆ ಒಂದು ಪದರ ದಪ್ಪವಾಯಿತು.

ಆತ್ಮರಕ್ಷಣಾ ಪಡೆಯನ್ನು ಜನ ದ್ವೇಷಿಸುತ್ತಾರಾ?

ಒಂದು ಕಾಲಕ್ಕೆ ಅವರನ್ನು ತೆರಿಗೆ ಕಳ್ಳರು, ಅಂದರೆ ಜನರ ತೆರಿಗೆ ಹಣ ಸುಮ್ಮನೆ ತಿನ್ನುವವರು, ಅಂತ ಬೈಯುತ್ತಿದ್ದರು. ಈಗ ತದ್ವಿರುದ್ಧ.

ತಿರುವು ನಿಧಾನಕ್ಕೆ ಬಂತು. 1990ರಲ್ಲಿ ಇರಾಕ್ ಕುವೈತ್ ಮೇಲೆ ನುಗ್ಗಿ ಎದ್ದ ಕೊಲ್ಲಿ ಬಿಕ್ಕಟ್ಟಿಗೆ ಪಡೆ ಕಳಿಸುವ ಮಸೂದೆಯನ್ನು ಜನರ ವಿರೋಧ ನೋಡಿ ಕೈಬಿಟ್ಟರು. ಬದಲಿಗೆ ಸುಮಾರು 1,300 ಕೋಟಿ ಡಾಲರ್ ಕೊಟ್ಟರು. ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪತ್ರಿಕೆಯಲ್ಲಿ ಕೊಟ್ಟ ಕೃತಜ್ಞತಾ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ. ಆ ಅವಮಾನ ತುಂಬಾ ಜನಕ್ಕೆ ನಾಟಿತು. 1992ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಪಡೆ ಕಳಿಸುವ ಕಾನೂನು ಬಂದು, ಪಡೆಯವರು ಕಾಂಬೋಡಿಯಾದಲ್ಲಿ ರಸ್ತೆ, ಸೇತುವೆ ರಿಪೇರಿ ಮಾಡಿದರು.

ಮನಸ್ಸು ಪೂರ್ತಿ ಗೆದ್ದದ್ದು 2011ರ ಮಾರ್ಚ್ 11ರ ಸುನಾಮಿಯ ನಂತರ. ಸುಮಾರು 1 ಲಕ್ಷ ಮಂದಿ ಕೆಲಸಕ್ಕಿಳಿದರು. ಕೆಸರಿನಲ್ಲಿ ಹೆಣ ಹುಡುಕಿದರು, ಅನ್ನ ಬೇಯಿಸಿ ಬಡಿಸಿದರು. ನಿರಾಶ್ರಿತರಿಗೆ ಟೆಂಟ್ ಹಾಕಿ ಬಿಸಿನೀರ ಸ್ನಾನದ ವ್ಯವಸ್ಥೆ ಮಾಡಿದರು. ಸ್ನಾನದ ಮನೆಗಳ ಬಾಗಿಲಲ್ಲಿ ಇರುವಂಥದ್ದೇ ಬಟ್ಟೆಯ ಪರದೆ ಆ ಟೆಂಟಿನ ಬಾಗಿಲಲ್ಲೂ ತೂಗುತ್ತಿತ್ತು. ಮನೆ ಕಳೆದುಕೊಂಡ ಅಜ್ಜಿಯೊಬ್ಬರು ಎಷ್ಟೋ ದಿನದ ಮೇಲೆ ಆ ಪರದೆ ಸರಿಸಿ ಬಿಸಿನೀರಿಗೆ ಇಳಿಯುವುದನ್ನು ಊಹಿಸಿಕೊಳ್ಳಿ. ಮರುವರ್ಷದ ಸರ್ಕಾರಿ ಸಮೀಕ್ಷೆಯಲ್ಲಿ ಶೇ. 90ಕ್ಕೂ ಹೆಚ್ಚು ಜನ ಪಡೆಯ ಬಗ್ಗೆ ಒಳ್ಳೆಯ ಅಭಿಪ್ರಾಯ ಹೇಳಿದರು. ಅವರ ಮುಖ್ಯ ಕೆಲಸ ಏನು ಅಂತ ಕೇಳಿದರೆ, ವಿಪತ್ತಿನಲ್ಲಿ ನೆರವಾಗುವುದು ಅನ್ನುವ ಉತ್ತರವೇ ವರ್ಷಗಳಿಂದ ಮೊದಲು ಬರುತ್ತಿದೆ. ಪಡೆ ಇಷ್ಟ ಅಂದಮಾತ್ರಕ್ಕೆ ಯುದ್ಧ ಇಷ್ಟ ಅಂತ ಓದಿಕೊಂಡರೆ ತಪ್ಪಾಗುತ್ತದೆ.

ಉತ್ತರ ಕೊರಿಯಾ, ಚೀನಾ ಭಯ ಎಷ್ಟರಮಟ್ಟಿಗೆ ಕೆಲಸ ಮಾಡಿದೆ?

ತುಂಬಾ. 1998ರ ಆಗಸ್ಟ್‌ನಲ್ಲಿ ಉತ್ತರ ಕೊರಿಯಾದ ರಾಕೆಟ್ ಜಪಾನಿನ ತಲೆಯ ಮೇಲಿಂದ ಹಾರಿತು. ಅದೇ ವರ್ಷ ಗೂಢಚಾರ ಉಪಗ್ರಹ ಹಾರಿಸುವ ತೀರ್ಮಾನ ಆಯಿತು. 2002ರಲ್ಲಿ ಪ್ರಧಾನಿ ಕೊಯಿಜುಮಿ ಪ್ಯಾಂಗ್‌ಯಾಂಗ್‌ಗೆ ಹೋದಾಗ, ಜಪಾನೀಯರನ್ನು ಅಪಹರಿಸಿದ್ದು ನಿಜ ಅಂತ ಕಿಮ್ ಜಾಂಗ್ ಇಲ್ ಒಪ್ಪಿಕೊಂಡರು. ಅಪಹರಣವಾದವರಲ್ಲಿ 1977ರಲ್ಲಿ ಶಾಲೆಯಿಂದ ಮನೆಗೆ ಬರುವಾಗ ಕಾಣೆಯಾದ 13 ವರ್ಷದ ಹುಡುಗಿಯೂ ಇದ್ದಳು. ರಕ್ಷಣೆ ಅನ್ನುವ ಪದಕ್ಕೆ ಅವತ್ತು ಒಂದು ಮಗುವಿನ ಮುಖ ಬಂತು. 2010ರಿಂದ, ಜಪಾನಿನ ಹಿಡಿತದಲ್ಲಿರುವ, ಚೀನಾ ತನ್ನದು ಅನ್ನುವ ಸೆಂಕಾಕು ದ್ವೀಪಗಳ ವಿಚಾರದಲ್ಲಿ ಚೀನಾದ ಜೊತೆ ಜಟಾಪಟಿ ಬಿಗಿಯಾಯಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ್ದು, ನಾಳೆ ತೈವಾನ್ ಗತಿ ಏನು ಅನ್ನುವ ಪ್ರಶ್ನೆಯನ್ನು ಮನೆಮನೆಗೆ ತಂದಿತು.

2015ರಲ್ಲಿ ಅಷ್ಟೊಂದು ಜನ ಬೀದಿಗಿಳಿದರೂ ಕಾನೂನು ಪಾಸಾಯಿತಲ್ಲ?

ಆಯಿತು. ಮಿತ್ರದೇಶದ ಮೇಲೆ ದಾಳಿಯಾದರೂ ಕೆಲವು ಸಂದರ್ಭಗಳಲ್ಲಿ ಜಪಾನ್ ಬಲ ಬಳಸಬಹುದು ಅನ್ನುವ ಕಾನೂನು ಅದು. ತಂದವರು ಅಂದಿನ ಪ್ರಧಾನಿ ಅಬೆ ಶಿಂಜೊ, ಕಿಶಿಯ ಮೊಮ್ಮಗ. ಜೂನ್‌ನಲ್ಲಿ ಸಂಸತ್ತಿನ ಸಮಿತಿಗೆ ಬಂದ ಮೂವರು ಸಂವಿಧಾನ ತಜ್ಞರೂ ಇದು ಸಂವಿಧಾನಕ್ಕೆ ವಿರುದ್ಧ ಅಂದುಬಿಟ್ಟರು. ಅವರಲ್ಲಿ ಒಬ್ಬರನ್ನು ಕರೆಸಿದ್ದು ಆಳುವ ಪಕ್ಷವೇ! ಆಗಸ್ಟ್ 30ರಂದು ಸಂಸತ್ತಿನ ಮುಂದೆ 1.2 ಲಕ್ಷ ಜನ ಸೇರಿದ್ದರು ಅಂತ ಸಂಘಟಕರು ಹೇಳಿದರು, ಪೊಲೀಸರ ಲೆಕ್ಕ ಸುಮಾರು 30 ಸಾವಿರ. ಜನರಿಗೆ ಇನ್ನೂ ಅರ್ಥವಾಗಿಲ್ಲ ಅಂತ ಅಬೆಯೇ ಒಪ್ಪಿಕೊಂಡರು. ಆದರೂ ಸೆಪ್ಟೆಂಬರ್ 19ರಂದು ಕಾನೂನಾಯಿತು.

ಆದರೆ ಅದಕ್ಕೆ ಅಂಟಿಸಿದ ಮೂರು ಷರತ್ತು ನೋಡಿ. ದೇಶದ ಉಳಿವಿಗೇ ಅಪಾಯ ಇರಬೇಕು, ಬೇರೆ ದಾರಿ ಇರಬಾರದು, ಬಳಸುವ ಬಲ ಆದಷ್ಟು ಕಡಿಮೆ ಇರಬೇಕು. ಅಂದಿನ ಮಿತ್ರಪಕ್ಷ ಕೊಮೆಯ್‌ತೊ, ತನ್ನ ಶಾಂತಿಪರ ಬೌದ್ಧ ಬೆಂಬಲಿಗರಿಗೆ ಮುಖ ತೋರಿಸಬೇಕಲ್ಲ ಅಂತ ಪಟ್ಟು ಹಿಡಿದು ಬಿಗಿ ಮಾಡಿಸಿದ ಮಾತುಗಳು ಇವು. ಜನರ ಒತ್ತಡ ಬೀದಿಯಿಂದ ಮಾತ್ರ ಬರುವುದಿಲ್ಲ.

ಜನ ಒಂದು ಯೋಜನೆಯನ್ನು ಪೂರ್ತಿ ನಿಲ್ಲಿಸಿದ ಉದಾಹರಣೆ ಇದೆಯಾ?

ಹತ್ತಿರದ್ದು ಒಂದಿದೆ. ಕ್ಷಿಪಣಿ ಹೊಡೆದುರುಳಿಸುವ 'ಈಜಿಸ್ ಅಶೋರ್' ವ್ಯವಸ್ಥೆಯನ್ನು ನೆಲದ ಮೇಲೆ ಎರಡು ಕಡೆ ಕೂರಿಸಬೇಕು ಅಂತ 2017ರಲ್ಲಿ ನಿರ್ಧಾರವಾಗಿತ್ತು. ಆರಿಸಿದ ಜಾಗಗಳು ಅಕಿತಾ ಮತ್ತು ಯಾಮಾಗುಚಿ ಪ್ರಾಂತ್ಯಗಳಲ್ಲಿದ್ದವು. ಅಕಿತಾದ ಜಾಗ ಊರಿಗೆ, ಶಾಲೆಗಳಿಗೆ ಅಂಟಿಕೊಂಡೇ ಇತ್ತು. ಈ ಜಾಗವೇ ಸರಿ, ಬೇರೆ ಜಾಗಗಳಲ್ಲಿ ಗುಡ್ಡ ಅಡ್ಡ ಬರುತ್ತದೆ ಅಂತ ರಕ್ಷಣಾ ಸಚಿವಾಲಯ ವರದಿ ಕೊಟ್ಟಿತು. ಗುಡ್ಡದ ಕೋನಗಳ ಲೆಕ್ಕವೇ ತಪ್ಪು ಅಂತ ಸ್ಥಳೀಯ ಪತ್ರಿಕೆ ಬಯಲು ಮಾಡಿತು. ಅಧಿಕಾರಿಗಳು ಗೂಗಲ್ ಅರ್ಥ್ ಚಿತ್ರ ನೋಡಿ ಅಳತೆ ಮಾಡಿದ್ದರು. ಎತ್ತರ ಮತ್ತು ಅಗಲದ ಪ್ರಮಾಣ ಬೇರೆ ಬೇರೆ ಇರುವುದನ್ನು ಗಮನಿಸಿರಲಿಲ್ಲ. 2019ರ ಜೂನ್‌ನಲ್ಲಿ ಕ್ಷಮೆ ಕೇಳಲು, ವಿವರಿಸಲು ಸಭೆ ಕರೆದರು. ಆ ಸಭೆಯಲ್ಲೇ ಅಧಿಕಾರಿಯೊಬ್ಬರು ತೂಕಡಿಸುತ್ತಿದ್ದರು! ಊರವರು ಎದ್ದು ನಿಂತು ಕೂಗಾಡಿದರು. ನಮ್ಮ ಬದುಕಿನ ಪ್ರಶ್ನೆ ನಿಮಗೆ ಇಷ್ಟೇನಾ ಅನ್ನುವ ಸಿಟ್ಟು ಅದು. ಜುಲೈ ಚುನಾವಣೆಯಲ್ಲಿ ಅಕಿತಾದ ಆಳುವ ಪಕ್ಷದ ಅಭ್ಯರ್ಥಿ ಸೋತರು.

2020ರ ಜೂನ್‌ನಲ್ಲಿ ಯೋಜನೆ ರದ್ದಾಯಿತು. ಕ್ಷಿಪಣಿಯಿಂದ ಕಳಚುವ ಭಾಗ ಸೇನಾ ಆವರಣದಲ್ಲೇ ಬೀಳುವಂತೆ ಮಾಡಲು ತುಂಬಾ ಖರ್ಚು, ತುಂಬಾ ವರ್ಷ ಬೇಕು ಅನ್ನುವುದು ಸರ್ಕಾರ ಕೊಟ್ಟ ಕಾರಣ. ಈಗ ಅದೇ ರಾಡಾರನ್ನು ಹಡಗುಗಳ ಮೇಲೆ ಕೂರಿಸುತ್ತಿದ್ದಾರೆ. ನೆಲದಿಂದ ಸಮುದ್ರಕ್ಕೆ ಹೋಯಿತು ಅಷ್ಟೇ.

ಓಕಿನಾವಾದವರ ಮಾತು ಯಾಕೆ ನಡೆಯುವುದಿಲ್ಲ?

ಇದು ನನಗೆ ಬೇಸರ ತರುವ ಪ್ರಶ್ನೆ. ದೇಶದ ನೆಲದಲ್ಲಿ ಓಕಿನಾವಾ ಶೇ. 0.6 ಮಾತ್ರ. ಅಮೆರಿಕ ಸೈನ್ಯವೊಂದೇ ಬಳಸುವ ಜಾಗದ ಸುಮಾರು ಶೇ. 70 ಅಲ್ಲೇ ಇದೆ. 1995ರಲ್ಲಿ ಮೂವರು ಅಮೆರಿಕನ್ ಸೈನಿಕರು 12 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದಾಗ ದ್ವೀಪ ಹೊತ್ತಿ ಉರಿಯಿತು. ಊರ ನಡುವೆ ಇರುವ ಫುತೆಮ್ಮಾ ವಿಮಾನ ನೆಲೆಯನ್ನು ಐದರಿಂದ ಏಳು ವರ್ಷದಲ್ಲಿ ವಾಪಸ್ ಕೊಡುತ್ತೇವೆ ಅಂತ 1996ರಲ್ಲಿ ಮಾತಾಯಿತು. ಇಂದಿಗೂ ಕೊಟ್ಟಿಲ್ಲ. ಬದಲಿ ನೆಲೆಯನ್ನು ಅದೇ ದ್ವೀಪದ ಹೆನೊಕೊದಲ್ಲಿ ಸಮುದ್ರ ತುಂಬಿ ಕಟ್ಟುತ್ತಿದ್ದಾರೆ. 2019ರ ಫೆಬ್ರವರಿಯ ಜನಮತದಲ್ಲಿ ಮತ ಹಾಕಿದವರಲ್ಲಿ ಶೇ. 70ಕ್ಕೂ ಹೆಚ್ಚು ಜನ ಬೇಡ ಅಂದರು. ಕೆಲಸ ನಿಲ್ಲಲಿಲ್ಲ. 2023ರ ಕೊನೆಗೆ ರಾಜ್ಯಪಾಲರು ಒಪ್ಪದಿದ್ದಾಗ ಕೇಂದ್ರ ಸರ್ಕಾರವೇ ಅವರ ಪರವಾಗಿ ಅನುಮತಿ ಕೊಟ್ಟುಕೊಂಡಿತು. (ಅಲ್ಲಿನ ರಾಜ್ಯಪಾಲರು ಜನರೇ ಆರಿಸಿದವರು, ನಮ್ಮ ಹಾಗೆ ದೆಹಲಿಯಿಂದ ಬಂದವರಲ್ಲ.)

ಅಮೆರಿಕದ ನಂಟು ಬೇಕು ಅಂತ ಹೆಚ್ಚಿನ ಜಪಾನೀಯರು ಹೇಳುತ್ತಾರೆ. ನೆಲೆ ತಮ್ಮ ಊರಿಗೆ ಬರಲಿ ಅನ್ನುವವರು ಸಿಗುವುದಿಲ್ಲ.

ಸಮೀಕ್ಷೆಗಳನ್ನು ನಂಬಬಹುದಾ?

ಪ್ರಶ್ನೆ ಹೇಗೆ ಕೇಳಿದ್ದಾರೆ ಅಂತ ಮೊದಲು ನೋಡಿ. ಸಂವಿಧಾನ ಬದಲಿಸಬೇಕಾ ಅಂದರೆ ಹೌದು ಅನ್ನುವವರು ಜಾಸ್ತಿ. 9ನೇ ವಿಧಿ ಬದಲಿಸಬೇಕಾ ಅಂದರೆ ಕಡಿಮೆ. ಯುದ್ಧ ತ್ಯಜಿಸುವ ಅದರ ಮೊದಲ ಭಾಗವನ್ನು ಮುಟ್ಟಬೇಕಾ ಅಂದರೆ ತೀರಾ ಕಡಿಮೆ. ಯೋಮಿಯುರಿ ಪತ್ರಿಕೆ ತಿದ್ದುಪಡಿಯ ಪರ, 1994ರಲ್ಲಿ ತನ್ನದೇ ಕರಡು ಪ್ರಕಟಿಸಿತ್ತು. ಅಸಾಹಿ ಅದಕ್ಕೆ ವಿರುದ್ಧ. ಎರಡರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು.

ಒಂದು ಚಂದದ ಸಂಗತಿ. ಜಪಾನಿನಲ್ಲಿ ಹಿಂದೆ 'ಯೊರೊನ್', 'ಸೆರೊನ್' ಅಂತ ಎರಡು ಪದ ಇದ್ದವು. ಯೋಚಿಸಿ, ಚರ್ಚಿಸಿ ಮೂಡಿದ ಸಾರ್ವಜನಿಕ ಅಭಿಪ್ರಾಯ ಯೊರೊನ್. ಗಾಳಿ ಬಂದ ಕಡೆ ತೂರುವ ಜನರ ಭಾವನೆ ಸೆರೊನ್. ಯುದ್ಧದ ನಂತರ ಚಿತ್ರಾಕ್ಷರಗಳ ಪಟ್ಟಿ ಚಿಕ್ಕದು ಮಾಡಿದಾಗ ಮೊದಲನೆಯದರ ಅಕ್ಷರ ಬಿಟ್ಟುಹೋಯಿತು. ಈಗ ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ಸಮೀಕ್ಷೆ ಅಳೆಯುವುದು ಎರಡರಲ್ಲಿ ಯಾವುದನ್ನು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

2022ರ ದೊಡ್ಡ ಬದಲಾವಣೆಗೆ ಜನ ಸುಲಭವಾಗಿ ಒಪ್ಪಿಬಿಟ್ಟರಾ?

ಅರ್ಧ ಒಪ್ಪಿದರು. ಆ ಡಿಸೆಂಬರ್‌ನಲ್ಲಿ ಅಂದಿನ ಪ್ರಧಾನಿ ಕಿಶಿದಾ ಫುಮಿಯೊ ಸರ್ಕಾರ ಐದು ವರ್ಷಕ್ಕೆ 43 ಲಕ್ಷ ಕೋಟಿ ಯೆನ್ ರಕ್ಷಣಾ ಖರ್ಚು, ಶತ್ರುವಿನ ನೆಲೆಗೆ ತಿರುಗಿ ಹೊಡೆಯುವ ಕ್ಷಿಪಣಿ, ಎರಡನ್ನೂ ಘೋಷಿಸಿತು. 1960ರಂತೆ ಬೀದಿ ತುಂಬಲಿಲ್ಲ. ಆದರೆ ಇದಕ್ಕೆ ತೆರಿಗೆ ಏರಿಸುತ್ತೇವೆ ಅಂದ ಕೂಡಲೇ ಸಮೀಕ್ಷೆಗಳಲ್ಲಿ ಬೇಡ ಅನ್ನುವವರೇ ಹೆಚ್ಚಾದರು. ಕಿಶಿದಾಗೆ 'ತೆರಿಗೆ ಏರಿಸುವ ಕನ್ನಡಕ' ಅಂತ ಅಡ್ಡಹೆಸರು ಅಂಟಿಕೊಂಡಿತು. ತೆರಿಗೆ ಏರಿಕೆಯ ದಿನ ಮುಂದೆ ಮುಂದೆ ಹೋಯಿತು.

ಇನ್ನೊಂದು ಕಡೆ ನೋಡಿ. 2023-24ರಲ್ಲಿ ಆತ್ಮರಕ್ಷಣಾ ಪಡೆಗೆ ಬೇಕಾದವರಲ್ಲಿ ಸೇರಿದ್ದು ಸುಮಾರು ಅರ್ಧದಷ್ಟು ಮಂದಿ. ಮಕ್ಕಳು ಕಡಿಮೆಯಾಗಿದ್ದಾರೆ, ಬೇರೆ ಕೆಲಸ ಸಿಗುತ್ತದೆ, ಎಲ್ಲ ಸರಿ. ಆದರೆ ಯುದ್ಧವಾದರೆ ದೇಶಕ್ಕಾಗಿ ಹೋರಾಡುತ್ತೀರಾ ಅಂತ ಹಲವು ದೇಶಗಳಲ್ಲಿ ಕೇಳಿದ ಸಮೀಕ್ಷೆಯಲ್ಲಿ, ಹೌದು ಅಂದ ಜಪಾನೀಯರು ಶೇ. 13ರಷ್ಟೇ. ಎಲ್ಲ ದೇಶಗಳಿಗಿಂತ ಕಡಿಮೆ. ಬಜೆಟ್ಟಿಗೆ ಮತ ಕೊಡುವುದು ಬೇರೆ, ಮಗನನ್ನು ಕಳಿಸುವುದು ಬೇರೆ.

ಜಪಾನ್ ಸ್ವಂತ ಅಣುಬಾಂಬ್ ಮಾಡುತ್ತಾ?

ಜನ ಬೇಡ ಅನ್ನುತ್ತಾರೆ, ಸದ್ಯಕ್ಕೆ ಗಟ್ಟಿಯಾಗಿಯೇ. ಬಾಂಬ್ ದಾಳಿಯಲ್ಲಿ ಬದುಕುಳಿದವರ ಸಂಘಟನೆ ನಿಹೊನ್ ಹಿದಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಾಗಿದ್ದರೂ ಅಮೆರಿಕದ ಅಣ್ವಸ್ತ್ರದ ನೆರಳಿನಲ್ಲಿರುವ ಸರ್ಕಾರ, ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿಲ್ಲ.

ಇದರಿಂದ ಭಾರತಕ್ಕೆ, ನಮಗೆ ಏನು?

1998ರಲ್ಲಿ ಪೋಖ್ರಾನ್ ಪರೀಕ್ಷೆ ಮಾಡಿದಾಗ ಜಪಾನ್ ನಮಗೆ ಹೊಸ ಸಾಲ ನಿಲ್ಲಿಸಿತ್ತು, 2001ರವರೆಗೆ. 2016ರಲ್ಲಿ ಪರಮಾಣು ಸಹಕಾರ ಒಪ್ಪಂದವಾದಾಗ ಹಿರೋಶಿಮಾ, ನಾಗಾಸಾಕಿಯ ಮೇಯರ್‌ಗಳು ವಿರೋಧಿಸಿದರು. ಭಾರತ ಮತ್ತೆ ಪರೀಕ್ಷೆ ಮಾಡಿದರೆ ಸಹಕಾರ ನಿಲ್ಲಿಸಬಹುದು ಅನ್ನುವ ಮಾತನ್ನು ಜಪಾನ್ ಬರೆಸಿಕೊಂಡಿತು. ಸುಗಿನಾಮಿಯ ಆ ಸಹಿಗಳ ತೂಕ ಇಲ್ಲಿಯವರೆಗೂ ಬಂದಿದೆ ನೋಡಿ.

ಶಸ್ತ್ರಾಸ್ತ್ರ ರಫ್ತಿನ ನಿರ್ಬಂಧ 2014ರಲ್ಲಿ ಸಡಿಲವಾಯಿತು. 2024ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಒಂದು ಸಹಿ ಬಿತ್ತು: ಯುದ್ಧನೌಕೆಯ ಹಲವು ಆಂಟೆನಾಗಳನ್ನು ಒಂದೇ ಕಂಬದಲ್ಲಿ ಸೇರಿಸುವ 'ಯೂನಿಕಾರ್ನ್' ಅನ್ನು ಎರಡೂ ದೇಶ ಸೇರಿ ತಯಾರಿಸುವುದು. ಭಾರತದ ಕಡೆಯಿಂದ ಆ ಕೆಲಸ ನಮ್ಮ ಬೆಂಗಳೂರಿನ ಬಿಇಎಲ್‌ನದು. ಹಿಂದಿನ ನಿಯಮ ಹಾಗೇ ಇದ್ದಿದ್ದರೆ ಇಂಥ ಕೆಲಸ ಜಾಲಹಳ್ಳಿಯ ಕಡೆಗೆ ಬರುತ್ತಲೇ ಇರಲಿಲ್ಲ.

ಕೊನೆಗೆ, 9ನೇ ವಿಧಿ ಬದಲಾಗುತ್ತಾ?

ಬದಲಿಸಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಆಮೇಲೆ ದೇಶದ ಜನಮತದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕು. 2016ರ ಚುನಾವಣೆಯ ನಂತರ ತಿದ್ದುಪಡಿ ಬಯಸುವ ಪಕ್ಷಗಳಿಗೆ ಎರಡೂ ಸದನಗಳಲ್ಲಿ ಆ ಸಂಖ್ಯೆ ಇತ್ತು. 2020ರೊಳಗೆ ಮುಗಿಸುತ್ತೇನೆ ಅಂತ ಅಬೆ ಗಡುವು ಹಾಕಿಕೊಂಡಿದ್ದರು. ಜನಮತದಲ್ಲಿ ಸೋತರೆ ಇನ್ನೊಂದು ತಲೆಮಾರು ಆ ಮಾತೇ ಎತ್ತುವ ಹಾಗಿಲ್ಲ ಅನ್ನುವುದು ಅವರ ಪಕ್ಷಕ್ಕೂ ಗೊತ್ತಿತ್ತು. ಪ್ರಸ್ತಾವ ಸದನದ ಮತಕ್ಕೇ ಬರಲಿಲ್ಲ. 2020ರಲ್ಲಿ ಅವರು ಆರೋಗ್ಯದ ಕಾರಣಕ್ಕೆ ಕೆಳಗಿಳಿದರು. ಜನಮತದ ಕಾನೂನು 2007ರಿಂದಲೇ ಸಿದ್ಧವಿದೆ, 18 ವರ್ಷ ತುಂಬಿದವರೆಲ್ಲ ಮತ ಹಾಕಬಹುದು. ಆ ಮತಪತ್ರ ಮಾತ್ರ ಇನ್ನೂ ಯಾರ ಕೈಗೂ ಬಂದಿಲ್ಲ.